ಮೂವತ್ತೆರಡನೇ ಸೆಕೆಂಡಿಗೆ ಕಟ್ಟಾಗುವ ಕರೆ

ಕಚೇರಿಯ ಫೋನುಗಳನ್ನು ಇಂಟರ್ನೆಟ್ ಟೆಲಿಫೋನಿಗೆ ಬದಲಾಯಿಸಿಕೊಂಡ ಹೆಚ್ಚಿನವರಿಗೆ ‘ಸೆಷನ್ ಬಾರ್ಡರ್ ಕಂಟ್ರೋಲರ್’ ಅನ್ನುವುದು ಕೊಟೇಶನ್ನಿನಲ್ಲಿ ಕಂಡ ಒಂದು ದುಬಾರಿ ಸಾಲು, ಅಷ್ಟೇ. ನಮ್ಮ ಕಸುಬಿನವರು ಅದನ್ನು ಎಸ್‌ಬಿಸಿ ಅನ್ನುತ್ತೇವೆ. ಒಂದು ಕಡೆ ಕಚೇರಿಯ ಐಪಿ ಎಕ್ಸ್‌ಚೇಂಜು, ಇನ್ನೊಂದು ಕಡೆ ಟೆಲಿಕಾಂ ಕಂಪನಿಯಿಂದ ಬರುವ ಲೈನು, ಅಂದರೆ ಸಿಪ್ ಟ್ರಂಕು, ನಡುವೆ ಈ ಪೆಟ್ಟಿಗೆ. ಹಳೆಯ ಪಿಆರ್‌ಐ ಲೈನಿನ ಕಾಲದಲ್ಲಿ ಇಂಥ ಮಧ್ಯಸ್ಥರು ಬೇಕಿರಲಿಲ್ಲ. ಒಂದು ಲೈನಿಗೆ 30 ಕರೆ, ತಂತಿ ಚುಚ್ಚಿದರೆ ಮಾತು. ಇಂಟರ್ನೆಟ್ ಕರೆಗಳನ್ನು ಜೋಡಿಸಿ ಮುಗಿಸುವ ಭಾಷೆಯಾದ ಸಿಪ್ ಹಾಗಲ್ಲ. 2002ರಲ್ಲಿ ಬಂದ ಆರ್‌ಎಫ್‌ಸಿ 3261 ಎಂಬ ನಿಯಮಾವಳಿಯನ್ನು ಎಲ್ಲ ತಯಾರಕರೂ ಓದಿದ್ದಾರೆ, ಆದರೆ ಅರ್ಥ ಮಾಡಿಕೊಂಡದ್ದು ಅವರವರಿಗೆ ತೋಚಿದಂತೆ. ಮದುವೆ ಮಾತುಕತೆಯಲ್ಲಿ ಎರಡೂ ಕಡೆಯ ಬೀಗರ ನಡುವೆ ಓಡಾಡುತ್ತಾ, ಅಲ್ಲಿ ಹೇಳಿದ್ದನ್ನು ಇಲ್ಲಿ ತುಸು ತಿದ್ದಿ ಹೇಳಿ ಸಂಬಂಧ ಕೂಡಿಸುವ ಹಿರಿಯರಿರುತ್ತಾರಲ್ಲ, ಎಸ್‌ಬಿಸಿಯದೂ ಅದೇ ಕೆಲಸ. ಎಷ್ಟು ತಿದ್ದಬೇಕು ಅನ್ನುವುದನ್ನು ತೀರ್ಮಾನಿಸುವ ಜಾಗವೇ ಅದರ ‘ಅಡ್ವಾನ್ಸ್ಡ್’ ಟ್ಯಾಬು.

ಈ ಟ್ಯಾಬನ್ನು ನೋಡಿ ಹೆದರುವವರಿಗಿಂತ ಹುರುಪುಗೊಳ್ಳುವವರಿಂದಲೇ ನನಗೆ ಹೆಚ್ಚು ಕೆಲಸ ಸಿಕ್ಕಿದೆ. ಎಲ್ಲೋ ಕರೆ ಕಟ್ಟಾಗುತ್ತದೆ, ಎಲ್ಲೋ ಧ್ವನಿ ಬರುವುದಿಲ್ಲ. ಕೂಡಲೇ ಟೈಮರ್ ಹೆಚ್ಚಿಸು, ಹೆಡರ್ ಅಳಿಸು, ಆ ಟಿಕ್ ತೆಗೆದು ಈ ಟಿಕ್ ಹಾಕು. ಯಾವುದೋ ಒಂದರಿಂದ ಸರಿಹೋಯಿತು ಅನ್ನಿಸುತ್ತದೆ. ಉಳಿದ ಟಿಕ್ಕುಗಳೆಲ್ಲ ಹಾಗೇ ಉಳಿದು, ತಿಂಗಳುಗಟ್ಟಲೆ ಕಳೆದ ಮೇಲೆ ಬೇರೊಂದು ರೂಪದಲ್ಲಿ ಕಾಟ ಕೊಡುತ್ತವೆ.

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಕತೆ ಹೇಳುತ್ತೇನೆ. ಹೊರಗಿನಿಂದ ಬಂದ ಕರೆ ಅರ್ಧ ನಿಮಿಷ ಚೆನ್ನಾಗಿ ನಡೆದು ಕಟ್ಟಾಗುತ್ತಿತ್ತು. ರಿಸೆಪ್ಷನ್ನಿನ ಹೆಣ್ಣುಮಗಳು ಬೇಸತ್ತು ಹೇಳಿದ್ದು: “ಸರ್, ಡಾಕ್ಟರ್ ಯಾವಾಗ ಬರ್ತಾರ ಅಂತ ಹೇಳೂದ್ರಾಗ ಕಟ್ ಆಗ್ತದ ನೋಡ್ರಿ. ಮತ್ತ ಮಾಡ್ತಾರ, ಮತ್ತ ಬೈತಾರ.” ನಾನು ಕೇಳಿದೆ: “ನೀವು ಹೊರಗ ಮಾಡಿದಾಗ?” “ಅದು ಕಟ್ ಆಗಂಗಿಲ್ರಿ. ಆದ್ರ ಅವರು ಫೋನ್ ಇಟ್ರೂ ನಮ್ಮ ಫೋನಿಗೆ ಗೊತ್ತಾಗಂಗಿಲ್ಲ, ಸುಮ್ನ ಹಿಡ್ಕೊಂಡು ಕುಂತಿರ್ತೀವಿ.”

ಆಕೆ ಹೇಳಿದ ಎರಡನೇ ಮಾತನ್ನು ದೂರಿನ ಪಟ್ಟಿಯಲ್ಲಿ ಯಾರೂ ಬರೆದುಕೊಂಡಿರಲಿಲ್ಲ. ಬರೆದಿದ್ದು ‘30 ಸೆಕೆಂಡಿಗೆ ಕಾಲ್ ಡ್ರಾಪ್’ ಎಂದಷ್ಟೇ. ಪೆಟ್ಟಿಗೆ ಮಾರಿದವರ ಸಪೋರ್ಟಿನವರು ಅಡ್ವಾನ್ಸ್ಡ್ ಟ್ಯಾಬಿನ ಟೈಮರ್‌ಗಳನ್ನು ಹಿಗ್ಗಿಸಿ ಅಂದಿದ್ದರು. ಕರೆಯ ಸಂದೇಶಗಳ ದಾಖಲೆ, ಅಂದರೆ ಟ್ರೇಸ್ ತೆಗೆದರೆ ಕರೆ ಬೀಳುತ್ತಿದ್ದದ್ದು 30ಕ್ಕಲ್ಲ, 32ಕ್ಕೆ. ಸಿಪ್ ಗೊತ್ತಿದ್ದವರಿಗೆ 32 ಅಂದರೆ ಸಾಕು. ಕರೆ ಎತ್ತಿದವರು ‘200 ಓಕೆ’ ಕಳಿಸುತ್ತಾರೆ. ಕರೆ ಮಾಡಿದವರ ಕಡೆಯಿಂದ ‘ಆ್ಯಕ್’ ಎಂಬ ಒಪ್ಪಿಗೆ ಬರಬೇಕು. ಬಾರದಿದ್ದರೆ ಅರ್ಧ ಸೆಕೆಂಡಿಗೆ, ಆಮೇಲೆ ಒಂದು, ಎರಡು, ನಾಲ್ಕು ಸೆಕೆಂಡುಗಳ ಅಂತರದಲ್ಲಿ ಅದೇ 200 ಓಕೆ ಮತ್ತೆ ಮತ್ತೆ ಹೋಗುತ್ತದೆ. ಅರ್ಧ ಸೆಕೆಂಡಿನ 64 ಪಟ್ಟು, ಅಂದರೆ 32 ಸೆಕೆಂಡು ಕಾದು, ಉತ್ತರ ಬರದಿದ್ದರೆ ಕರೆ ಎತ್ತಿದ ಕಡೆಯ ಯಂತ್ರ ‘ಬೈ’ ಹೇಳಿ ಕರೆ ಮುಗಿಸುತ್ತದೆ. ಟ್ರೇಸನ್ನು ವೈರ್‌ಶಾರ್ಕ್ ಎಂಬ ತಂತ್ರಾಂಶದಲ್ಲಿ ತೆರೆದಾಗ ಒಂದೇ ದಿಕ್ಕಿನ ಬಾಣಗಳು ಕೆಳಕ್ಕೆ ಸಾಲಾಗಿ ಬಿದ್ದಿದ್ದವು, ಎದುರಿನಿಂದ ಒಂದೂ ಇಲ್ಲ.

ಆ್ಯಕ್ ಯಾಕೆ ಬರಲಿಲ್ಲ? 200 ಓಕೆಯ ‘ಕಾಂಟ್ಯಾಕ್ಟ್’ ಸಾಲಿನಲ್ಲಿ ನಮ್ಮ ಎಸ್‌ಬಿಸಿ ಬರೆದುಕೊಂಡಿದ್ದ ವಿಳಾಸ 192.168ರಿಂದ ಶುರುವಾಗುವಂಥದ್ದು, ಕಟ್ಟಡದ ಒಳಗಷ್ಟೇ ನಡೆಯುವ ಖಾಸಗಿ ವಿಳಾಸ. ಎಸ್‌ಬಿಸಿಯನ್ನು ಫೈರ್‌ವಾಲಿನ ಹಿಂದೆ ಕೂರಿಸಿದ್ದರು. ಹೊರಗಿನ ಪಬ್ಲಿಕ್ ಐಪಿ ಯಾವುದೆಂದು ಅದಕ್ಕೆ ತಿಳಿಸುವ ಖಾನೆ ಖಾಲಿ ಇತ್ತು. ಟೆಲಿಕಾಂ ಕಂಪನಿಯ ಕಡೆಯ ಯಂತ್ರ ಆ ವಿಳಾಸಕ್ಕೆ ಆ್ಯಕ್ ಕಳಿಸಿದರೆ ಅದು ಮುಟ್ಟುವುದಾದರೂ ಎಲ್ಲಿಗೆ? ಹೊರಹೋಗುವ ಕರೆಯಲ್ಲಿ ಆ್ಯಕ್ ಕಳಿಸುವವರು ನಾವು, ಹಾಗಾಗಿ ಅದು ಕಟ್ಟಾಗುತ್ತಿರಲಿಲ್ಲ. ಆದರೆ ಆ ಕಡೆಯವರು ಫೋನ್ ಇಟ್ಟಾಗ ಬರಬೇಕಾದ ಬೈ ಕೂಡ ಅದೇ ದಾರಿ ತಪ್ಪಿದ ವಿಳಾಸಕ್ಕೇ ಹೋಗುತ್ತಿತ್ತು. ಆಕೆಯ ಎರಡೂ ಮಾತಿಗೆ ಕಾರಣ ಒಂದೇ.

ಧ್ವನಿ ಮಾತ್ರ ಎರಡೂ ಕಡೆ ಸರಿಯಾಗಿ ಬರುತ್ತಿದ್ದರಿಂದ ಯಾರಿಗೂ ವಿಳಾಸದ ಮೇಲೆ ಅನುಮಾನ ಬಂದಿರಲಿಲ್ಲ. ಧ್ವನಿಯ ವಿಳಾಸ ಬರೆಯುವ ಸಾಲಿನಲ್ಲೂ ಇದ್ದದ್ದು ಅದೇ ತಪ್ಪು ವಿಳಾಸ. ಆದರೆ ಟೆಲಿಕಾಂ ಕಂಪನಿಯ ಎಸ್‌ಬಿಸಿ ಬರೆದದ್ದನ್ನು ನಂಬದೆ, ಧ್ವನಿಯ ಪ್ಯಾಕೆಟ್ಟುಗಳು ನಿಜವಾಗಿ ಎಲ್ಲಿಂದ ಬರುತ್ತಿವೆಯೋ ಅಲ್ಲಿಗೇ ಉತ್ತರಿಸುತ್ತಿತ್ತು. ನಾವು ಇದಕ್ಕೆ ಲ್ಯಾಚಿಂಗ್ ಅನ್ನುತ್ತೇವೆ. ಆ ಕಡೆಯವರ ಒಳ್ಳೆಯತನ ಈ ಕಡೆಯ ತಪ್ಪನ್ನು ಮುಚ್ಚಿಟ್ಟಿತ್ತು. ಖಾಲಿ ಖಾನೆ ತುಂಬಿದೆವು, ಟೈಮರ್‌ಗಳನ್ನು ಮೊದಲಿನ ಬೆಲೆಯಲ್ಲೇ ಬಿಟ್ಟೆವು. ಟೈಮರ್ ಹಿಗ್ಗಿಸಿದ್ದರೆ ಕರೆ ಒಂದು ನಿಮಿಷಕ್ಕೆ ಕಟ್ಟಾಗುತ್ತಿತ್ತು, ದೂರು ‘ಸ್ವಲ್ಪ ಸುಧಾರಿಸಿದೆ’ ಎಂದು ಮುಚ್ಚಿಹೋಗುತ್ತಿತ್ತು.

ಕಟ್ಟಾಗುವ ಹೊತ್ತನ್ನು ಸೆಕೆಂಡಿನ ಲೆಕ್ಕದಲ್ಲಿ ಬರೆದಿಡಿ ಎಂದು ಆಮೇಲೆ ಎಲ್ಲ ಗ್ರಾಹಕರಿಗೂ ಹೇಳತೊಡಗಿದೆ. ಇದರ ಬೆಲೆ ತಿಳಿದದ್ದು ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ. ಉದ್ದದ ಕರೆಗಳು ಬೀಳುತ್ತಿವೆ, ಯಾವಾಗ ಅಂತ ಹೇಳೋಕಾಗಲ್ಲ ಅಂದರು. ಕರೆಗಳ ದಾಖಲೆಯನ್ನು ಅವಧಿಯ ಪ್ರಕಾರ ಜೋಡಿಸಿ ನೋಡಿದರೆ ಬಿದ್ದ ಕರೆಗಳೆಲ್ಲ 29 ನಿಮಿಷ 28 ಸೆಕೆಂಡಿನ ಆಸುಪಾಸು. ಅಂದರೆ 1,768 ಸೆಕೆಂಡು. 1,800ರಿಂದ 32 ಕಳೆದರೆ ಬರುವ ಸಂಖ್ಯೆ. ಆರ್‌ಎಫ್‌ಸಿ 4028 ಹೇಳುವ ಸೆಷನ್ ಟೈಮರಿನ ರೂಢಿಯ ಅವಧಿ 1,800 ಸೆಕೆಂಡು. ಕರೆ ಇನ್ನೂ ಜೀವಂತ ಇದೆ ಎಂದು ಇಬ್ಬರಲ್ಲೊಬ್ಬರು ಅರ್ಧ ಅವಧಿಗೊಮ್ಮೆ ಮತ್ತೆ ತಿಳಿಸಬೇಕು. ತಿಳಿಸದಿದ್ದರೆ ಇನ್ನೊಬ್ಬರು ಅವಧಿ ಮುಗಿಯುವ 32 ಸೆಕೆಂಡು ಮೊದಲೇ ಬೈ ಕಳಿಸುತ್ತಾರೆ. ಇಲ್ಲಿ ಆ ಕೆಲಸ ನನ್ನದು ಎಂದು 200 ಓಕೆಯಲ್ಲಿ ಒಪ್ಪಿಕೊಂಡದ್ದು ಕಚೇರಿಯ ಎಕ್ಸ್‌ಚೇಂಜು. ಒಪ್ಪಿಕೊಂಡು, ಆಮೇಲೆ ಏನನ್ನೂ ಕಳಿಸದೆ ಸುಮ್ಮನಿತ್ತು. ಎಸ್‌ಬಿಸಿ ಎರಡೂ ಕಡೆಯ ಮಾತನ್ನು ಒಂದಕ್ಷರ ಬದಲಿಸದೆ ದಾಟಿಸುತ್ತಿತ್ತು.

ಜತೆಗಿದ್ದ ಹುಡುಗ ಚುರುಕಿನವನು. “ಸರ್, ಟೈಮರ್ ಹೇಳೋ ಸೆಷನ್ ಎಕ್ಸ್‌ಪೈರ್ಸ್ ಹೆಡರನ್ನೇ ಅಳಿಸಿಬಿಡೋಣ, ಐದು ನಿಮಿಷದ ಕೆಲಸ” ಅಂದ. ನಿಜ, ಐದೇ ನಿಮಿಷದ ಕೆಲಸ. ಆದರೆ ಆ ಟೈಮರ್ ಇರುವುದು ಸತ್ತ ಕರೆಗಳನ್ನು ಗುಡಿಸಿ ಹಾಕಲು. ಲಿಂಕು ಕೈಕೊಟ್ಟು ಒಂದು ಬೈ ಕಳೆದುಹೋದರೆ, ಟೈಮರ್ ಇಲ್ಲದ ಕರೆ ಯಾರೂ ಮಾತಾಡದೆ ಗಂಟೆಗಟ್ಟಲೆ ಓಡುತ್ತದೆ, ಬಿಲ್ಲೂ ಓಡುತ್ತದೆ. ಹಾಗಾಗಿ ಟೈಮರನ್ನು ಎರಡೂ ಕಡೆಗೆ ಬೇರೆ ಬೇರೆ ಮಾಡಿದೆವು. ಟ್ರಂಕಿನ ಕಡೆ ಆ ಹೊಣೆ ಎಸ್‌ಬಿಸಿಯೇ ಹೊರುತ್ತದೆ, ಎಕ್ಸ್‌ಚೇಂಜಿನ ಕಡೆ ಟೈಮರಿನ ಮಾತೇ ಎತ್ತುವುದಿಲ್ಲ. ಎಸ್‌ಬಿಸಿಗೆ ದುಡ್ಡು ಕೊಡುವುದೇ ಇಂಥ ಕೆಲಸಕ್ಕೆ.

ನನ್ನ ಮಟ್ಟಿಗೆ ಅತ್ಯಂತ ದುಬಾರಿ ಟಿಕ್ ಕಂಡದ್ದು ಒಂದು ಸಹಕಾರಿ ಸಂಸ್ಥೆಯ ಸಾಲ ವಸೂಲಿ ವಿಭಾಗದಲ್ಲಿ. ಅಲ್ಲಿ ಯಾವ ದೂರೂ ಇರಲಿಲ್ಲ. ಬೇರೆ ಕೆಲಸಕ್ಕೆ ಹೋದವನು, ಒಬ್ಬರ ಪಕ್ಕ ಕುಳಿತು ಅವರು ಕರೆ ಮಾಡುವುದನ್ನು ನೋಡುತ್ತಿದ್ದೆ. ಪ್ರತಿ ಕರೆಗೂ ಒಂದೇ ಬಗೆಯ ಟ್ರಿಂಗ್ ಟ್ರಿಂಗ್. ಎತ್ತದಿದ್ದರೆ ‘ಉತ್ತರವಿಲ್ಲ’ ಎಂದು ಬರೆದು ಮುಂದಿನ ನಂಬರು. ನಮ್ಮ ದೇಶದಲ್ಲಿ ಮೊಬೈಲಿಗೆ ಕರೆ ಮಾಡಿದರೆ ಹೀಗಾಗುವುದುಂಟೇ? ಯಾರದಾದರೂ ಒಬ್ಬರ ಕಾಲರ್ ಟ್ಯೂನಿನಲ್ಲಿ ದೇವರ ಹಾಡೋ ಸಿನಿಮಾ ಹಾಡೋ ಬರಲೇಬೇಕು. 2020ರಲ್ಲಿ ಕೊರೊನಾದ ಕೆಮ್ಮು ಕೇಳಿಸಿಕೊಂಡೇ ನಾವೆಲ್ಲ ಮಾತು ಶುರುಮಾಡಿದ್ದೆವಲ್ಲ. ಕರೆ ಎತ್ತುವ ಮೊದಲು ಕೇಳುವ ಈ ಧ್ವನಿಗೆ ಅರ್ಲಿ ಮೀಡಿಯಾ ಅನ್ನುತ್ತಾರೆ. ‘ಸ್ವಿಚ್ ಆಫ್ ಆಗಿದೆ’, ‘ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ’ ಎಂಬ ಪ್ರಕಟಣೆಗಳೂ ಹಾಗೇ, ಸಾಮಾನ್ಯವಾಗಿ ‘183’ ಎಂಬ ಉತ್ತರದ ಜತೆ ಬರುತ್ತವೆ. ಹಿಂದೆ ಕೆಲಸ ಮಾಡಿದ ಯಾರೋ, ಕೆಲವು ಫೋನುಗಳಲ್ಲಿ ರಿಂಗ್ ಕೇಳಿಸುತ್ತಿಲ್ಲವೆಂದು 183ನ್ನೆಲ್ಲ ‘180’ ಎಂಬ ಬರೀ ರಿಂಗಿಂಗ್ ಸೂಚನೆಗೆ ಬದಲಿಸುವ ಸೆಟಿಂಗ್ ಹಾಕಿ ಹೋಗಿದ್ದರು. ರಿಂಗಿನ ದೂರು ಹೋಯಿತು. ಜತೆಗೆ, ಸಾಲಗಾರರ ನಂಬರು ಚಾಲ್ತಿಯಲ್ಲಿದೆಯೋ ಸತ್ತಿದೆಯೋ ಎಂದು ತಿಳಿಯುವ ದಾರಿಯೂ ಹೋಯಿತು. ಇಲ್ಲದ ನಂಬರುಗಳಿಗೆ ದಿನಾ ಕರೆ ಮಾಡಿ ‘ಉತ್ತರವಿಲ್ಲ’ ಎಂದು ಬರೆಯುತ್ತಿದ್ದರು. ಆ ಸೆಟಿಂಗನ್ನು ಹಳೆಯ ಫೋನುಗಳ ಮಾರ್ಗಕ್ಕಷ್ಟೇ ಸೀಮಿತಗೊಳಿಸಿ, ಉಳಿದ ಕಡೆ ತೆಗೆದೆವು.

ಅಡ್ವಾನ್ಸ್ಡ್ ಸೆಟಿಂಗನ್ನು ಇಡೀ ಪೆಟ್ಟಿಗೆಗೆ ಹಾಕುವುದನ್ನು ನಾನು ಬಿಟ್ಟದ್ದು ಅಲ್ಲಿಂದ. ಯಾವ ಟ್ರಂಕು, ಯಾವ ದಿಕ್ಕು, ಯಾವ ಫೋನಿನ ಗುಂಪು ಅನ್ನುವುದಕ್ಕಷ್ಟೇ ಕಟ್ಟಿ ಹಾಕಬೇಕು.

ಇನ್ನು ಕೀಲಿ ಒತ್ತಿದ ಸಂಖ್ಯೆಗಳ ವಿಚಾರ. ‘ಇಂತಿಂಥ ಸಂಖ್ಯೆ ಒತ್ತಿ’ ಎನ್ನುವ ಐವಿಆರ್‌ನಲ್ಲಿ ಒಂದು ಒತ್ತಿದರೆ ಹನ್ನೊಂದು ಒತ್ತಿದಂತಾಗುತ್ತದೆ ಎಂಬ ದೂರು ಬಂದರೆ, ಆ ಟೋನು ಧ್ವನಿಯೊಳಗೂ ಹೋಗುತ್ತಿದೆ, ಪ್ರತ್ಯೇಕ ಪ್ಯಾಕೆಟ್ಟಿನಲ್ಲೂ ಹೋಗುತ್ತಿದೆ ಎಂದು ಮೊದಲು ಅನುಮಾನಿಸಿ. ಎರಡರಲ್ಲಿ ಒಂದನ್ನು ನಿಲ್ಲಿಸಿದರೆ ಮುಗಿಯಿತು. ಧ್ವನಿಯನ್ನು ಪ್ಯಾಕೆಟ್ಟಿಗಿಳಿಸುವ ಕೋಡೆಕ್‌ನಲ್ಲಿ ಜಾಣತನ ಬೇಡ. ಭಾರತದ ಟ್ರಂಕುಗಳಲ್ಲಿ ಜಿ.711 ಎ-ಲಾ ಇರುತ್ತದೆ, ಹೆಡರುಗಳೂ ಸೇರಿ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 80 ಕಿಲೋಬಿಟ್. ಇವತ್ತಿನ ಲಿಂಕುಗಳಿಗೆ ಅದು ಲೆಕ್ಕಕ್ಕೇ ಅಲ್ಲ. ಉಳಿತಾಯಕ್ಕೆಂದು ಜಿ.729ಕ್ಕೆ ಹೋಗಿ ಧ್ವನಿ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಧ್ವನಿ ನಿಂತರೆ ಕರೆ ಮುಗಿಸುವ ಟೈಮರನ್ನು ತೀರಾ ಬಿಗಿ ಮಾಡಿದರೆ, ಹೋಲ್ಡ್‌ನಲ್ಲಿಟ್ಟ ಕರೆಗಳೂ ಸಾಯುತ್ತವೆ.

ಸುರಕ್ಷತೆಯ ಟ್ಯಾಬಿನಲ್ಲಿ ಮಾತ್ರ ಹಿಂಜರಿಯಬೇಕಿಲ್ಲ. ಸಿಪ್ ಬಳಸುವ 5060ನೇ ಪೋರ್ಟನ್ನು ಇಡೀ ಇಂಟರ್ನೆಟ್ಟಿಗೆ ತೆರೆದಿಟ್ಟರೆ ಸ್ಕ್ಯಾನರುಗಳು ಬಂದು ಬಾಗಿಲು ತಟ್ಟಲು ತಡವಾಗುವುದಿಲ್ಲ. ಲಾಗಿನಲ್ಲಿ ‘ಫ್ರೆಂಡ್ಲಿ ಸ್ಕ್ಯಾನರ್’ ಎಂದು ಹೆಸರು ಹೇಳಿಕೊಂಡೇ ಬರುವುದುಂಟು, ಹೆಸರು ನೋಡಿ ಮೋಸ ಹೋಗಬೇಡಿ. ಟೆಲಿಕಾಂ ಕಂಪನಿಯ ಐಪಿ ಬಿಟ್ಟು ಬೇರೆ ಯಾರಿಗೂ ಪ್ರವೇಶ ಬೇಡ. ಐಎಸ್‌ಡಿ ಬೇಕಿಲ್ಲದ ಕಚೇರಿಗೆ ಐಎಸ್‌ಡಿ ಬೇಡ. ಕಳ್ಳ ಕರೆಗಳು ಹೋಗುವುದು ಶನಿವಾರ ರಾತ್ರಿ, ಗೊತ್ತಾಗುವುದು ಸೋಮವಾರ ಬೆಳಿಗ್ಗೆ. ಮಾರ್ಗಗಳ ಪಟ್ಟಿಯಲ್ಲೂ ಎಚ್ಚರ ಬೇಕು. ವಿದೇಶಿ ಶಾಖೆಯಿಂದ ಇಂಟರ್ನೆಟ್ ಮೂಲಕ ಬಂದ ಕರೆಯನ್ನು ಇಲ್ಲಿನ ಟ್ರಂಕಿನಿಂದ ಊರಿನ ನಂಬರಿಗೆ ಇಳಿಸುವುದು ಎಸ್‌ಬಿಸಿಗೆ ಒಂದೇ ಸಾಲಿನ ಕೆಲಸ. ಪರವಾನಗಿ ಇಲ್ಲದೆ ಹಾಗೆ ಮಾಡಿದರೆ ಅದು ಅಪರಾಧ. ಮ್ಯಾನೇಜರ್ ಎಷ್ಟೇ ಒತ್ತಾಯಿಸಿದರೂ ಆ ಸಾಲು ಬರೆಯಬೇಡಿ.

ನಿಮ್ಮ ಕಚೇರಿಗೆ ಎಸ್‌ಬಿಸಿ ಹಾಕಿಸುತ್ತಿದ್ದರೆ, ಕೆಲಸ ಮುಗಿಸಿ ಹೊರಡುವ ಎಂಜಿನಿಯರ್ ಕೈಯಿಂದ ಒಂದು ಹಾಳೆ ಬರೆಸಿಕೊಳ್ಳಿ. ಕಾರ್ಖಾನೆಯಿಂದ ಬಂದದ್ದಕ್ಕಿಂತ ಬದಲಿಸಿದ ಪ್ರತಿ ಸೆಟಿಂಗೂ ಅದರಲ್ಲಿರಲಿ: ಯಾವ ಟ್ರಂಕಿಗೆ, ಯಾವ ದೂರಿಗೆ, ಯಾವ ತಾರೀಕು. ಜತೆಗೆ ಸರಿಯಾಗಿ ನಡೆದ ಒಂದು ಒಳಬರುವ ಕರೆಯ ಮತ್ತು ಒಂದು ಹೊರಹೋಗುವ ಕರೆಯ ಟ್ರೇಸ್ ಫೈಲನ್ನೂ ಕೇಳಿ ಪಡೆಯಿರಿ. ಮುಂದೆ ಕೆಟ್ಟಾಗ ಪಕ್ಕದಲ್ಲಿಟ್ಟು ನೋಡಲು ಅದು ಬೇಕು. ಇವೆರಡು ಕೈಗೆ ಬರುವವರೆಗೆ ಕೊನೆಯ ಕಂತಿನ ಚೆಕ್ಕಿಗೆ ಸಹಿ ಹಾಕಬೇಡಿ.