ಶಸ್ತ್ರಚಿಕಿತ್ಸೆಯಾದ ಬಳಿಕ ಶಾಲೆ, ಹೊಲ, ಮನೆಗೆಲಸ: ಯಾವದು ಮೊದಲು?



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಈ ಐದು ತಾಲ್ಲೂಕುಗಳ ಹಳ್ಳಿಗಳಲ್ಲಿ ಶಸ್ತ್ರಚಿಕಿತ್ಸೆಯು ಈಗ ಅಪರೂಪದ ಸಂಗತಿಯಲ್ಲ. ಅಪೆಂಡಿಕ್ಸಿನ ನೋವಿಗಾಗಿ ಶಾಲೆಯ ಮಕ್ಕಳು, ಹೆರಿಗೆಗಾಗಿಯೂ ಸಂತಾನ ನಿರೋಧಕ್ಕಾಗಿಯೂ ಗರ್ಭಕೋಶದ ಬೇನೆಗಾಗಿಯೂ ಸ್ತ್ರೀಯರು, ಹರ್ನಿಯಾಕ್ಕಾಗಿ ಗಂಡಸರು ಆಸ್ಪತ್ರೆಗೆ ಹೋಗಿ ಹೊಟ್ಟೆಯನ್ನು ಕೊಯ್ಯಿಸಿಕೊಂಡು ಬರುತ್ತಾರೆ. ತಾಲ್ಲೂಕಿನ ಆಸ್ಪತ್ರೆಯಲ್ಲಿ ಆಗದ್ದಕ್ಕೆ ಕೆಲವರು ಬಳ್ಳಾರಿಗೆ, 1961ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುವರು. ಹರಪನಹಳ್ಳಿಯ ಕಡೆಯವರು ದಾವಣಗೆರೆಯ ಬಸ್ಸನ್ನು ಹತ್ತುವರು. (ಆ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೂ, 2018ರಲ್ಲಿ ಮರಳಿ ಬಳ್ಳಾರಿಗೂ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೂ ಸೇರಿತು, ರೋಗಿಗಳ ದಾರಿ ಮಾತ್ರ ಬದಲಾಗಲಿಲ್ಲ.) ಕೊಯ್ಯುವ ಕೆಲಸವನ್ನು ವೈದ್ಯರು ಒಂದೆರಡು ತಾಸಿನಲ್ಲಿ ಮುಗಿಸುತ್ತಾರೆ. ಮಾಗುವ ಕೆಲಸವು ನಮ್ಮ ಮನೆಗಳಲ್ಲಿ, ನಮ್ಮ ಕೈಯಲ್ಲಿ, ಆರೇಳು ವಾರ ನಡೆಯತಕ್ಕದ್ದು. ಅದರ ವಿಷಯವೇ ಈ ತಿಂಗಳಿನ ಪಾಠ.

ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ಭಾವಿಸಿಕೊಳ್ಳೋಣ. ಅವಳಿಗೆ ಅಪೆಂಡಿಕ್ಸಿನ ಶಸ್ತ್ರಚಿಕಿತ್ಸೆಯಾಯಿತು; ಎಂಟನೆಯ ದಿನ ಹೊಲಿಗೆ ಬಿಚ್ಚಿದರು. ನೋಡುವವರ ಕಣ್ಣಿಗೆ ಗಾಯವು ಮುಚ್ಚಿಕೊಂಡಿದೆ. ಆಗ ತಂದೆತಾಯಿಗಳು, ಮಗಳು ಬಳಲಿದ್ದಾಳೆ, ಈ ತಿಂಗಳು ಶಾಲೆ ಬೇಡ, ಮನೆಯಲ್ಲಿಯೇ ಇರಲಿ ಅನ್ನುತ್ತಾರೆ. ಇದು ಪ್ರೀತಿಯಿಂದ ಹುಟ್ಟಿದ ಮಾತೇ ಸರಿ. ಆದರೆ ಮನೆಯಲ್ಲಿ ಇರುವವಳು ಸುಮ್ಮನೆ ಇರುವದುಂಟೋ? ತಾಯಿ ಕೂಲಿಗೆ ಹೋದ ಕೂಡಲೇ ಕಸ ಗುಡಿಸುವದು, ಪಾತ್ರೆ ಬೆಳಗುವದು, ಅಳುವ ತಮ್ಮನನ್ನು ಕಂಕುಳಿಗೆ ಎತ್ತಿಕೊಳ್ಳುವದು, ಸಾಯಂಕಾಲ ಟ್ಯಾಂಕಿನಿಂದ ನಾಲ್ಕು ಕೊಡ ನೀರು ತರುವದು ಇವೆಲ್ಲವೂ ಅವಳ ಪಾಲಿಗೆ ಬೀಳುತ್ತವೆ. ಹಡಗಲಿಯ ಕಡೆಯಾದರೆ ಮಲ್ಲಿಗೆಯ ಕಾಲದಲ್ಲಿ ನಸುಕಿನಲ್ಲಿಯೇ ಎದ್ದು, ಬಗ್ಗಿ ಬಗ್ಗಿ ಮೊಗ್ಗು ಬಿಡಿಸುವ ಕೆಲಸವೂ ಕೂಡಿಕೊಳ್ಳುವದು. ಶಾಲೆಗೆ ಶಕ್ತಿಯಿಲ್ಲದವಳೆಂದು ಮನೆಯಲ್ಲಿ ನಿಲ್ಲಿಸಿದವಳೇ ಕೊಡಕ್ಕೆ ಶಕ್ತಳಾಗಿ ತೋರಿದಳು!

ಇದರಲ್ಲಿ ಲೆಕ್ಕವು ಹೇಗೆ ತಪ್ಪಿತೆಂಬದನ್ನು ನೋಡಿರಿ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. 15 ಲೀಟರ್ ಹಿಡಿಯುವ ಕೊಡವು ತುಂಬಿದರೆ 15 ಕಿಲೋಗಿಂತಲೂ ಹೆಚ್ಚಾಗುವದು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ಮೊದಲಿನ ವಾರಗಳಲ್ಲಿ ನಾಲ್ಕೈದು ಕಿಲೋಗಿಂತ ಹೆಚ್ಚಿನದನ್ನು ಎತ್ತಬಾರದೆಂದು ವೈದ್ಯರು ಸಾಮಾನ್ಯವಾಗಿ ಹೇಳುವರು. ಶಾಲೆಯ ಚೀಲವಾದರೋ, 2020ರ ರಾಷ್ಟ್ರೀಯ ನೀತಿಯ ಪ್ರಕಾರ, ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲನ್ನು ಮೀರಕೂಡದು; 40 ಕಿಲೋ ತೂಗುವ ಹುಡುಗಿಗೆ ಅದು 4 ಕಿಲೋ. ಆ ಚೀಲವನ್ನೂ ಕೆಲವು ದಿನ ಗೆಳತಿಯು ಹೊರಬಹುದು. ಬೆಂಚಿನ ಮೇಲೆ ಕುಳಿತು ಬರೆಯುವದರಿಂದ ಹೊಟ್ಟೆಯ ಹೊಲಿಗೆಗೆ ಹೆಚ್ಚಿನ ಸೆಳೆತವಿಲ್ಲ. ಆದಕಾರಣ ಶಸ್ತ್ರಚಿಕಿತ್ಸೆಯಾದ ಮಗುವಿಗೆ ಮೊದಲು ಮರಳಿ ದೊರೆಯತಕ್ಕದ್ದು ಶಾಲೆ. ಆಮೇಲೆ ಹಗುರವಾದ ಮನೆಗೆಲಸ. ಎಲ್ಲದರ ಕೊನೆಗೆ ಕೊಡವೂ ಹೊಲವೂ. ನಮ್ಮಲ್ಲಿ ನಡೆಯುವದು ಇದಕ್ಕೆ ತಿರುವುಮುರುವು.

ಹೊರಗೆ ಮಾಗಿದ ಗಾಯವು ಒಳಗೆ ಮಾಗಲಿಲ್ಲವೇ ಎಂದು ಕೇಳುವಿರಿ. ಹೊಟ್ಟೆಯ ಗೋಡೆಯು ಒಂದೇ ಪದರವಲ್ಲ. ಚರ್ಮ, ಅದರ ಕೆಳಗೆ ಕೊಬ್ಬು, ಅದರ ಕೆಳಗೆ ಗಟ್ಟಿಯಾದ ಬಿಳಿಯ ಪೊರೆಯೂ ಮಾಂಸಖಂಡಗಳೂ ಇರುತ್ತವೆ. ಭಾರವನ್ನು ತಡೆಯುವವು ಈ ಕೊನೆಯವೇ. ಚರ್ಮವು ಏಳರಿಂದ ಹತ್ತು ದಿನಗಳಲ್ಲಿ ಕೂಡಿಕೊಳ್ಳುವದು. ಆದರೆ ಕೂಡಿದ ಗಾಯಕ್ಕೆ ಮೂರನೆಯ ವಾರದಲ್ಲಿ ಮೊದಲಿದ್ದ ಬಲದ ಸುಮಾರು ಕಾಲು ಪಾಲು ಮಾತ್ರ ಇರುವದು. ಮೂರು ತಿಂಗಳಿಗೆ ನೂರಕ್ಕೆ 80ರಷ್ಟಾಗುವದು. ಮಣ್ಣಿನ ಗೋಡೆಗೆ ಹೊರಗಿನಿಂದ ಸುಣ್ಣ ಬಳಿದ ದಿನವೇ ಅದರ ಮೇಲೆ ತೊಲೆಯನ್ನು ಯಾರೂ ಏರಿಸುವದಿಲ್ಲ. ಒಳಗಿನ ಮಣ್ಣು ಹಸಿಯಾಗಿರುವದೆಂದು ಬಲ್ಲರು. ಹಸಿಯಾದ ಪೊರೆಯ ಮೇಲೆ ಭಾರ ಬಿದ್ದರೆ ಅದು ಸಡಿಲವಾಗಿ, ಕೆಲವು ತಿಂಗಳ ಮೇಲೆ ಅಲ್ಲಿ ಕರುಳು ಉಬ್ಬಿ ಬರುವದುಂಟು. ಅದಕ್ಕೆ ಹರ್ನಿಯಾ ಎಂದು ಹೆಸರು. ಅದನ್ನು ಸರಿಪಡಿಸುವದಕ್ಕೆ ಬೇಕಾದದ್ದು ಇನ್ನೊಂದು ಶಸ್ತ್ರಚಿಕಿತ್ಸೆ.

ಇಂಗ್ಲೆಂಡಿನ ಅರಸನಾದ ಏಳನೆಯ ಎಡ್ವರ್ಡನ ವೃತ್ತಾಂತವನ್ನು ಇಲ್ಲಿ ಹೇಳಬಹುದು. ಅವನ ಪಟ್ಟಾಭಿಷೇಕವು 1902ನೆಯ ಇಸವಿ ಜೂನ್ 26ಕ್ಕೆ ಗೊತ್ತಾಗಿತ್ತು. ದೇಶದೇಶದ ಅತಿಥಿಗಳು ಬಂದಿಳಿದಿದ್ದರು. ಅಷ್ಟರಲ್ಲಿ ಅವನಿಗೆ ಅಪೆಂಡಿಕ್ಸಿನ ಬಳಿ ಕೀವು ಕೂಡಿತು. ಜೂನ್ 24ರಂದು ಫ್ರೆಡರಿಕ್ ಟ್ರೀವ್ಸ್ ಎಂಬ ಶಸ್ತ್ರವೈದ್ಯನು ಅರಮನೆಯಲ್ಲಿಯೇ ಕೊಯ್ದು ಕೀವನ್ನು ತೆಗೆದನು. ಪಟ್ಟಾಭಿಷೇಕವು ಆದದ್ದು ಆಗಸ್ಟ್ 9ರಂದು, ಅಂದರೆ ಆರು ವಾರಗಳು ಕಳೆದ ಮೇಲೆ. ಅರಸನ ಕಿರೀಟವು ಕಾದುಕೊಂಡಿರಬಹುದಾದರೆ ಕೂಲಿಯವಳ ಕುಡುಗೋಲು ಕಾದುಕೊಂಡಿರಬಾರದೋ? ಅರಸನಿಗೆ ವಾರದ ಕಂತು ಕಟ್ಟುವ ಚಿಂತೆ ಇರಲಿಲ್ಲವೆಂದು ನೀವು ಹೇಳಬಹುದು. ಆ ಮಾತಿಗೆ ಮುಂದೆ ಬರುತ್ತೇನೆ.

ಭಾರವನ್ನು ಎತ್ತಬಾರದೆಂದರೆ ಚಾಪೆಯನ್ನು ಬಿಟ್ಟು ಏಳಬಾರದೆಂದು ಅರ್ಥವಲ್ಲ. ಹಿಂದಿನ ಕಾಲದ ವೈದ್ಯರೇ ಹಾಗೆ ತಿಳಿದು ರೋಗಿಗಳನ್ನು ವಾರಗಟ್ಟಲೆ ಮಲಗಿಸುತ್ತಿದ್ದರು. 1899ರಲ್ಲಿ ಶಿಕಾಗೋ ನಗರದ ಎಮಿಲ್ ರೀಸ್ ಎಂಬವನು ರೋಗಿಗಳನ್ನು ಬೇಗನೆ ಎಬ್ಬಿಸಿ ನಡೆಸಬೇಕೆಂದು ಬರೆದನು. ಬಹು ಜನರು ಕಿವಿಗೊಡಲಿಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಅದು ಸರಿಯೆಂದು ಎಲ್ಲರೂ ಒಪ್ಪುತ್ತಾ ಬಂದರು. ಮಲಗಿಯೇ ಇದ್ದರೆ ಕಾಲಿನ ನಾಳಗಳಲ್ಲಿ ರಕ್ತವು ಹೆಪ್ಪುಗಟ್ಟುವದು, ಎದೆಯಲ್ಲಿ ಕಫ ಕಟ್ಟುವದು. ಆದದರಿಂದ ದಿನಕ್ಕೆ ನಾಲ್ಕಾರು ಸಾರಿ ಅಂಗಳದಲ್ಲಿ ನಡೆಯಬೇಕು. ಏಳುವದು ಬೇರೆ, ಎತ್ತುವದು ಬೇರೆ.

ನಮ್ಮ ಸಭೆಗಳಲ್ಲಿ ಕೆಲವರು ಪೇತ್ರನ ಅತ್ತೆಯ ದೃಷ್ಟಾಂತವನ್ನು ತರುವರು: ಜ್ವರ ಬಿಟ್ಟ ಕೂಡಲೇ ಆಕೆ ಎದ್ದು ಉಪಚಾರ ಮಾಡಿದಳಲ್ಲಾ, ಸೊಸೆಯು ಯಾಕೆ ಮಲಗಿರಬೇಕು ಎಂದು. ಆಕೆಗೆ ಇದ್ದದ್ದು ಜ್ವರ. ಅದು ಗುಣವಾದದ್ದು ಕರ್ತನ ಕೈಯಿಂದ, ಒಂದು ಕ್ಷಣದಲ್ಲಿ, ಸಂಪೂರ್ಣವಾಗಿ. ಆಕೆಯ ಹೊಟ್ಟೆಯಲ್ಲಿ ಹೊಲಿಗೆ ಇರಲಿಲ್ಲ. ಆ ವಾಕ್ಯವನ್ನು ಸೊಸೆಯ ತಲೆಯ ಮೇಲೆ ಕೊಡವಿಡುವದಕ್ಕೆ ಉಪಯೋಗಿಸುವದು ಸರಿಯಲ್ಲ.

ಎಲ್ಲಾ ಶಸ್ತ್ರಚಿಕಿತ್ಸೆಗಳಿಗೂ ಒಂದೇ ಅವಧಿಯಿಲ್ಲ. ಸಂತಾನ ನಿರೋಧದ ಸಣ್ಣ ಕೊಯ್ತವಾದರೆ ಎರಡು ದಿನದ ಮೇಲೆ ಹಗುರ ಕೆಲಸವನ್ನೂ, ಎರಡು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಎಲ್ಲಾ ಕೆಲಸವನ್ನೂ ಮಾಡಬಹುದು. ದುರ್ಬೀನಿನಿಂದ ತೆಗೆದ ಅಪೆಂಡಿಕ್ಸು ಬೇಗನೆ ಮಾಗುವದು. ಕೊಯ್ದು ತೆಗೆದದ್ದಕ್ಕೆ ನಾಲ್ಕರಿಂದ ಆರು ವಾರ ಭಾರ ಬೇಡ. ಸಿಜೇರಿಯನ್ ಹೆರಿಗೆಗೆ ಆರು ವಾರ, ಗರ್ಭಕೋಶ ತೆಗೆದದ್ದಕ್ಕೆ ಆರರಿಂದ ಎಂಟು ವಾರ. ಸಿಜೇರಿಯನ್ನಿನಲ್ಲಿಯೇ ಸಂತಾನ ನಿರೋಧವನ್ನೂ ಮಾಡಿಸಿಕೊಂಡವಳು ಎರಡು ವಾರವೆಂದು ಎಣಿಸಬಾರದು. ನಿಮ್ಮ ವೈದ್ಯರು ಬೇರೆ ಹೇಳಿದರೆ ಅವರ ಮಾತನ್ನೇ ಹಿಡಿಯಿರಿ. ಆಸ್ಪತ್ರೆ ಬಿಡುವಾಗ, ನೀರು ಎಷ್ಟು ದಿನ ಹೊರಬಾರದು, ಹೊಲಕ್ಕೆ ಎಂದು ಹೋಗಬಹುದು, ಶಾಲೆಗೆ ಎಂದು ಕಳುಹಿಸಬಹುದು ಎಂಬ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿ, ಉತ್ತರವನ್ನು ಬಿಡುಗಡೆಯ ಚೀಟಿಯಲ್ಲಿಯೇ ಬರೆಯಿಸಿಕೊಳ್ಳಿರಿ. ಅತ್ತೆಮಾವಂದಿರು ಬಾಯಿಮಾತನ್ನು ನಂಬದಿದ್ದರೂ ಚೀಟಿಯನ್ನು ನಂಬುವರು.

ಮನೆಗೆಲಸಗಳಲ್ಲಿಯೂ ವ್ಯತ್ಯಾಸವುಂಟು. ಕುಳಿತು ಬೇಳೆ ಆರಿಸುವದು, ತರಕಾರಿ ಹೆಚ್ಚುವದು, ಹೂ ಕಟ್ಟುವದು, ತಮ್ಮತಂಗಿಯರಿಗೆ ಪಾಠ ಹೇಳುವದು ಎರಡನೆಯ ವಾರದಲ್ಲಿಯೇ ಆಗಬಹುದು. ಗಿಡ್ಡ ಕಸಬರಿಗೆ ಹಿಡಿದು ಬಗ್ಗಿ ಗುಡಿಸುವದು, ಬಟ್ಟೆ ಒಗೆದು ಹಿಂಡುವದು, ಕೈಪಂಪು ಜಗ್ಗುವದು, ಕಟ್ಟಿಗೆಯ ಹೊರೆ, ಹಸುವಿನ ಹಗ್ಗ ಹಿಡಿಯುವದು ಇವೆಲ್ಲಾ ಕೊಡದ ಪಂಗಡಕ್ಕೇ ಸೇರಿದವು. ರೊಟ್ಟಿ ಬಡಿಯುವದು ಹಗುರವೆಂದು ತೋರುವದು, ಆದರೆ ನೆಲದಲ್ಲಿ ಕುಳಿತು ತೋಳಿನ ಬಲವನ್ನೆಲ್ಲಾ ಹಾಕಿ ಬಡಿಯುವಾಗ ಹೊಟ್ಟೆ ಬಿಗಿಯಾಗುವದನ್ನು ಕೈಯಿಟ್ಟು ನೋಡಿರಿ. ಕಟ್ಟಿಗೆಯ ಒಲೆಯ ಹೊಗೆಯಿಂದ ಇನ್ನೊಂದು ಕೇಡುಂಟು: ಹೊಗೆಯಿಂದ ಕೆಮ್ಮು, ಕೆಮ್ಮಿನಿಂದ ಹೊಲಿಗೆಗೆ ಸೆಳೆತ. ಕೆಮ್ಮು ಬಂದರೆ ಮಡಿಸಿದ ಕೌದಿಯನ್ನು ಗಾಯದ ಮೇಲೆ ಎರಡು ಕೈಗಳಿಂದ ಒತ್ತಿ ಹಿಡಿದು ಕೆಮ್ಮತಕ್ಕದ್ದು. ಕುಲುಕುವ ಟಂಟಂ ಗಾಡಿಯಲ್ಲಿ ಹೋಗುವಾಗಲೂ ಹಾಗೆಯೇ.

ರೋಗಿಯನ್ನು ನೋಡುವದಕ್ಕೆ ಬರುವ ನೆಂಟರ ವಿಷಯದಲ್ಲಿಯೂ ಒಂದು ಮಾತು. ಕೊಟ್ಟೂರಿನ ತೇರಿನ ಸಮಯದಲ್ಲಿ ಬಂದವರು ಹಾಗೆಯೇ ಮಾತಾಡಿಸಿ ಹೋಗೋಣವೆಂದು ಮನೆ ತುಂಬುವರು. ಗಾಯವಾದವಳೇ ಎದ್ದು ಚಹಾ ಕಾಸುವಳು. ಬರುವವರು ಒಂದು ಕೊಡ ನೀರು ತಂದಿಟ್ಟು ಮಾತಾಡಿಸಿದರೆ ಅದು ನಿಜವಾದ ಸಂದರ್ಶನವಾಗುವದು.

ಪಥ್ಯದ ವಿಷಯದಲ್ಲಿ ನಮ್ಮ ಹಿರಿಯರ ಭಯವು ಇನ್ನೂ ಹೋಗಲಿಲ್ಲ. ಬೇಳೆ ತಿಂದರೆ ಕೀವಾಗುವದು, ಮೊಟ್ಟೆ ನಂಜು, ನೀರು ಕುಡಿದರೆ ಗಾಯ ಹಸಿಯಾಗುವದು ಎಂದು ಹೇಳಿ ಬರೀ ಗಂಜಿಯಲ್ಲಿ ಇಡುವರು. ಕೀವಾಗುವದು ಬೇಳೆಯಿಂದಲ್ಲ, ಕೊಳೆಯಾದ ಕೈ ಮತ್ತು ಬಟ್ಟೆಗಳಿಂದ ಸೇರುವ ಸೂಕ್ಷ್ಮಜೀವಿಗಳಿಂದ. ಹೊಸ ಮಾಂಸವು ಬೆಳೆಯುವದಕ್ಕೆ ಬೇಳೆ, ಹಾಲು, ಮೊಟ್ಟೆ, ಶೇಂಗಾ ಇವೇ ಬೇಕು. ಮಲವು ಗಟ್ಟಿಯಾಗಿ ಮುಕ್ಕುವ ಪ್ರಸಂಗ ಬಾರದ ಹಾಗೆ ಸೊಪ್ಪೂ ನೀರೂ ಬೇಕು. ಹತ್ತನೆಯ ತರಗತಿಯ ವರೆಗಿನ ಮಕ್ಕಳಿಗೆ ಸರಕಾರಿ ಶಾಲೆಯಲ್ಲಿ ಬಿಸಿಯೂಟವೂ ಮೊಟ್ಟೆ ಅಥವಾ ಬಾಳೆಯ ಹಣ್ಣೂ ಸಿಗುವದರಿಂದ, ಶಾಲೆಗೆ ಹೋಗುವ ರೋಗಿಯು ಮನೆಯಲ್ಲಿ ಗಂಜಿ ಕುಡಿಯುವ ರೋಗಿಗಿಂತ ಚೆನ್ನಾಗಿ ಉಣ್ಣುವಳು.

ಶಾಲೆಗೆ ತಿಳಿಸಬೇಕಾದದ್ದು ಸ್ವಲ್ಪವೇ. ಬಿಡುಗಡೆಯ ಚೀಟಿಯ ಪ್ರತಿಯನ್ನು ಮುಖ್ಯೋಪಾಧ್ಯಾಯರಿಗೆ ಕೊಟ್ಟು, ಆಟದ ಪಾಠದಿಂದಲೂ ಅಂಗಳ ಗುಡಿಸುವದರಿಂದಲೂ ಬಿಡುವು ಕೇಳಿರಿ. ಹತ್ತನೆಯ ತರಗತಿಯವರು ಹಾಜರಿಯ ಲೆಕ್ಕಕ್ಕಾಗಿ ಆ ಚೀಟಿಯನ್ನು ಜೋಪಾನವಾಗಿ ಇಡಬೇಕು. 2024ರಿಂದ ಆ ತರಗತಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುವ ಕ್ರಮ ಬಂದದ್ದರಿಂದ, ಮೊದಲನೆಯದು ತಪ್ಪಿದರೆ ವರ್ಷವೇ ಹೋಯಿತೆಂದು ಅಳಬೇಕಾಗಿಲ್ಲ. ಎಂಟನೆಯ ತರಗತಿಯ ವರೆಗಿನ ಮಗುವಿನ ಹೆಸರನ್ನು ರಜೆಯ ಕಾರಣದಿಂದ ಹೊಡೆದುಹಾಕಲು 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಬಿಡುವದಿಲ್ಲ.

ಇನ್ನು ಕಂತಿನ ಮಾತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಿಂದ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವರೆಗೆ ಆಸ್ಪತ್ರೆಯ ಚಿಕಿತ್ಸೆ ದೊರೆಯುವದು. ಆದರೆ ಮನೆಯಲ್ಲಿ ಕುಳಿತ ಆರು ವಾರಗಳ ಕೂಲಿಯನ್ನು ಅದು ತುಂಬಿಕೊಡುವದಿಲ್ಲ. ಹೆಂಗಸು ಹನ್ನೆರಡನೆಯ ದಿನವೇ ಶೇಂಗಾ ಕೀಳುವದಕ್ಕೆ ಹೋಗುವದು ಅಜ್ಞಾನದಿಂದ ಮಾತ್ರವಲ್ಲ. ಸಂಘದ ಕಂತು ವಾರವಾರ ಬಾಗಿಲಿಗೆ ಬರುವದು. ಆಕೆ ಹೋಗದಿದ್ದರೆ ಯಾರು ಹೋಗುವರು? ಹಿರಿಯ ಮಗಳು. ತಾಯಿಗೆ ಕೊಯ್ದ ಗಾಯದಿಂದ ಮಗಳ ಶಾಲೆ ಸೋರಿಹೋಗುವದು ಹೀಗೆ. ಆರು ವಾರವೆಂದು ಬಿಡಿಸಿದ ಹುಡುಗಿಯನ್ನು ಏಳನೆಯ ವಾರದಲ್ಲಿ ಮತ್ತೆ ಶಾಲೆಗೆ ಸೇರಿಸುವದು ಎಷ್ಟು ಕಷ್ಟವೆಂಬದನ್ನು ಬಲ್ಲವರು ಬಲ್ಲರು.

ಇದಕ್ಕೆ ನಮ್ಮ ಒಕ್ಕಲುತನದಲ್ಲಿಯೇ ಒಂದು ಉಪಾಯವುಂಟು, ಅದು ಮುಯ್ಯಾಳು. ಬಿತ್ತುವಾಗಲೂ ಕಳೆ ತೆಗೆಯುವಾಗಲೂ ನಿನ್ನ ಹೊಲಕ್ಕೆ ಇಂದು ನಾನು, ನನ್ನ ಹೊಲಕ್ಕೆ ನಾಳೆ ನೀನು ಎಂದು ಹಣವಿಲ್ಲದೆ ಕೆಲಸವನ್ನು ಸಾಗಿಸುವವರು, ಹೊಲದ ಮುಯ್ಯಿಯನ್ನು ಮನೆಯ ನೀರಿಗೆ ಯಾಕೆ ತರಬಾರದು? ಆರು ಮನೆಗಳವರು ಕೂಡಿದರೆ ವಾರಕ್ಕೆ ಒಂದೊಂದು ದಿನ ಒಂದೊಂದು ಮನೆಯವರು ನೀರನ್ನೂ ರೊಟ್ಟಿಯನ್ನೂ ನೋಡಿಕೊಳ್ಳಬಹುದು. ಏಳನೆಯ ದಿನವನ್ನು ಆ ಮನೆಯ ಗಂಡಸರಿಗೆ ಬಿಡಿರಿ. ಗಂಡಸರು ಕೊಡ ಹೊತ್ತರೆ ಊರು ನಗುವದೆಂದು ಹಿಂಜರಿಯುವವರು ಸೈಕಲ್ಲಿಗೆ ಎರಡು ಕೊಡ ಕಟ್ಟಿಕೊಂಡು ತರಲಿ, ಅದಕ್ಕೆ ಯಾರೂ ನಗುವದಿಲ್ಲ. ಕಂತಿನ ವಿಷಯದಲ್ಲಿ, ದಿನವನ್ನು ಮೊದಲೇ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಯಾದರೆ ಸಂಘದವರೊಡನೆ ಮುಂಚೆಯೇ ಮಾತಾಡಿ ಅವಧಿ ಕೇಳಿರಿ. ಮನೆಯೊಡತಿಗೆ ಬರುವ ಗೃಹಲಕ್ಷ್ಮಿಯ ಹಣವಿದ್ದರೆ ಆ ಒಂದೆರಡು ತಿಂಗಳಾದರೂ ಅದನ್ನು ಆಕೆಯ ಊಟಕ್ಕೆಂದೇ ಇಡಿರಿ.

ಜ್ವರ, ಗಾಯದಿಂದ ಕೀವು ಅಥವಾ ದುರ್ವಾಸನೆ, ಹೊಲಿಗೆ ಬಿಟ್ಟುಕೊಳ್ಳುವದು, ನಿಲ್ಲದ ವಾಂತಿ, ಹೊಟ್ಟೆಯುಬ್ಬರ, ಒಂದೇ ಮೀನಖಂಡದಲ್ಲಿ ಬಾವು ಮತ್ತು ನೋವು ಇವುಗಳಲ್ಲಿ ಒಂದು ಕಂಡರೂ ಅರಿಸಿನ ಹಚ್ಚುತ್ತಾ ಕೂಡ್ರದೆ ಆಸ್ಪತ್ರೆಗೆ ಹೋಗಿರಿ. ಫಕ್ಕನೆ ಉಸಿರು ಕಟ್ಟಿದರೆ ರಾತ್ರಿಯಾದರೂ 108ಕ್ಕೆ ಕರೆಮಾಡಿರಿ.

ಹೇಳಿದ ಅವಧಿ ತೀರಿದ ದಿನವೇ ತುಂಬಿದ ಕೊಡವನ್ನು ಹೊರಿಸಬೇಡಿರಿ. ಏಳನೆಯ ವಾರದಲ್ಲಿ ಚಿಕ್ಕ ಬಿಂದಿಗೆಯಲ್ಲಿ ಐದು ಲೀಟರ್. ನೋವಿಲ್ಲದಿದ್ದರೆ ಮುಂದಿನ ವಾರ ಅರ್ಧ ಕೊಡ. ಅದರ ಮುಂದಿನ ವಾರ ಮುಕ್ಕಾಲು. ಎತ್ತುವಾಗ ಸೊಂಟವನ್ನು ಬಗ್ಗಿಸದೆ ಮೊಣಕಾಲುಗಳನ್ನು ಮಡಿಸಿ, ಉಸಿರನ್ನು ಬಿಗಿಹಿಡಿಯದೆ ಎತ್ತಲಿ; ಗಾಯದ ಜಾಗದಲ್ಲಿ ಎಳೆದಂತಾದರೆ ಕೊಡವನ್ನು ಅಲ್ಲಿಯೇ ಇಳಿಸಿ ಬರಲಿ. ಅದನ್ನು ಹೊತ್ತುಕೊಂಡು ಬರುವದಕ್ಕೆ ಮನೆಯವರು ಯಾರಾದರೂ ಹೋಗುವರು.