ತೂಗದ ಲಾರಿ, ಬೆಲೆಯಿಲ್ಲದ ಚರ

ದೋಣಿಮಲೈ ಕಡೆಯವರಾದ ನಿಮಗೆ ಅದಿರಿನ ಲಾರಿಯೂ ಅದನ್ನು ತೂಗುವ ವೇಬ್ರಿಡ್ಜೂ ಹೊಸದಲ್ಲ. ಪ್ರೋಗ್ರಾಮಿಂಗ್ ಹೊಸದಾಗಿರಬಹುದು. ಆದ್ದರಿಂದ ಗೊತ್ತಿರುವಲ್ಲಿಂದಲೇ ಹೊರಡೋಣ.

ಲಾರಿಯನ್ನು ಮೊದಲು ಖಾಲಿ ತೂಗುತ್ತಾರೆ, ಅದಿರು ತುಂಬಿದ ಮೇಲೆ ಮತ್ತೆ ತೂಗುತ್ತಾರೆ. ತುಂಬಿದ ತೂಕ 27 ಟನ್, ಖಾಲಿ ತೂಕ 10 ಟನ್ ಎಂದರೆ ಅದಿರು 17 ಟನ್. ಒಂದು ದಿನ ಖಾಲಿ ಲಾರಿಯನ್ನು ತೂಗಲು ಮರೆತರು ಎಂದುಕೊಳ್ಳಿ. ಲೆಕ್ಕದ ಹಲಗೆಯ ಮೇಲೆ ಹಿಂದಿನ ಲಾರಿಯ 8 ಟನ್ ಹಾಗೆಯೇ ಉಳಿದಿದೆ. ಆಗ ಅದಿರು 19 ಟನ್ ಆಗುತ್ತದೆ. ಉತ್ತರ ತಪ್ಪು, ಆದರೆ ನೋಡಿದವರು ನಂಬುವಂತಿದೆ. ಅಪಾಯ ಇರುವುದು ಅಲ್ಲಿಯೇ.

ಪ್ರೋಗ್ರಾಮಿನಲ್ಲಿ ಬೆಲೆಯೊಂದನ್ನು ಇಟ್ಟುಕೊಳ್ಳಲು ಹೆಸರಿಟ್ಟ ಜಾಗಕ್ಕೆ ಚರ ಎನ್ನುತ್ತೇವೆ. 'ಖಾಲಿತೂಕ' ಒಂದು ಚರ. 10 ಅದರ ಬೆಲೆ. ಹೆಸರಿಟ್ಟು ಬೆಲೆ ಕೊಡದೆ ಬಿಟ್ಟ ಚರ ಬರಿದಾಗಿರುತ್ತದೆ ಎಂದು ನಿಮಗೆ ಅನಿಸಬಹುದು. ಹಾಗಲ್ಲ. ಸಿ ಭಾಷೆಯಲ್ಲಿ, ಫಂಕ್ಷನ್ನಿನ ಒಳಗೆ, ಅಂದರೆ ಒಂದು ಕೆಲಸಕ್ಕೆಂದು ಬರೆದ ಸೂಚನೆಗಳ ಗುಂಪಿನೊಳಗೆ, ಹುಟ್ಟುವ ಸಾಮಾನ್ಯ ಚರಕ್ಕೆ ಭಾಷೆ ತಾನಾಗಿ ಬೆಲೆ ಕೊಡುವುದಿಲ್ಲ. ಆ ಜಾಗವನ್ನು ಮೊದಲು ಬಳಸಿದ ಬೇರೊಂದು ಲೆಕ್ಕದ ಉಳಿಕೆ ಅಲ್ಲಿರಬಹುದು.

ಇಂಥ ಚರವನ್ನು ಪತ್ತೆಹಚ್ಚಲು ಎರಡು ದಾರಿಗಳಿವೆ.

ಮೊದಲನೆಯದು, ಪ್ರೋಗ್ರಾಂ ಓಡುವ ಮುನ್ನ. ನಾವು ಬರೆದುದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಈ ಪರೀಕ್ಷೆ ಮಾಡುತ್ತದೆ. 'ಲಾರಿ ಹೊಸದಾದರೆ ಖಾಲಿತೂಕ ತೆಗೆದುಕೋ' ಎಂದಷ್ಟೇ ಬರೆದಿದ್ದೀರಿ. ಲಾರಿ ಹಳೆಯದಾದರೆ? ಆ ಕವಲಿನಲ್ಲಿ ಚರಕ್ಕೆ ಬೆಲೆಯೇ ಸಿಗಲಿಲ್ಲ. ಜಾವಾ ಭಾಷೆಯ ಕಂಪೈಲರ್ ಎಲ್ಲ ಕವಲುಗಳನ್ನೂ ನೋಡಿ, ಒಂದರಲ್ಲಿ ಬೆಲೆ ತಪ್ಪಿದರೂ ಆ ಚರದ ಬಳಕೆಯನ್ನು ಒಪ್ಪುವುದಿಲ್ಲ. ಸಿ ಕಂಪೈಲರ್‌ಗಳು ಸಾಮಾನ್ಯವಾಗಿ ಎಚ್ಚರಿಕೆಯನ್ನಷ್ಟೇ ಕೊಡುತ್ತವೆ.

ಎರಡನೆಯದು, ಪ್ರೋಗ್ರಾಂ ಓಡುತ್ತಿರುವಾಗ. ವಾಲ್‌ಗ್ರಿಂಡ್ ಎಂಬ ಉಪಕರಣ ಮೆಮೊರಿಯ ಪ್ರತಿ ಬಿಟ್‌ಗೂ ಜೊತೆಯಾಗಿ ಒಂದು ಗುರುತು ಇಟ್ಟುಕೊಳ್ಳುತ್ತದೆ. ಬಿಟ್ ಎಂದರೆ 0 ಅಥವಾ 1 ಹಿಡಿಯುವ, ಮಾಹಿತಿಯ ಅತಿ ಚಿಕ್ಕ ಘಟಕ. ಅದಕ್ಕೆ ಬೆಲೆ ಬಂದಿದೆಯೇ ಇಲ್ಲವೇ ಎಂಬುದನ್ನು ಗುರುತು ಹೇಳುತ್ತದೆ. ಬೆಲೆ ಕಾಣದ ಖಾಲಿತೂಕವನ್ನು 27ರಿಂದ ಕಳೆದರೆ, ಬಂದ ಉತ್ತರಕ್ಕೂ ಅದೇ ಗುರುತು ಅಂಟುತ್ತದೆ. ಕಳೆಯುವಾಗ ಉಪಕರಣ ಸುಮ್ಮನಿರುತ್ತದೆ. ಆ ಉತ್ತರವನ್ನು ನಂಬಿ 'ಹೌದು', 'ಅಲ್ಲ' ಎಂದು ತೀರ್ಮಾನಿಸಲು ಹೊರಟಾಗ ದೂರು ಕೊಡುತ್ತದೆ.

ಹಾಗಾದರೆ ಎಲ್ಲ ಚರಗಳಿಗೂ ಮೊದಲೇ 0 ಕೊಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಆದರೆ ಖಾಲಿತೂಕ 0 ಆದರೆ ಅದಿರು 27 ಟನ್ ಆಗುತ್ತದೆ. ತಪ್ಪು ತಪ್ಪಾಗಿಯೇ ಉಳಿಯಿತು. ಬೆಲೆ ಸಿಕ್ಕಿದೆಯೆಂದು ಕಂಪೈಲರೂ ವಾಲ್‌ಗ್ರಿಂಡೂ ಸುಮ್ಮನಾದವು. 0 ನಿಜವಾದ ಆರಂಭವಾಗಿರುವಲ್ಲಿ, ಉದಾಹರಣೆಗೆ ದಿನದ ಒಟ್ಟು ಮೊತ್ತದಲ್ಲಿ, ಅದನ್ನು ಧಾರಾಳವಾಗಿ ಕೊಡಿ. ಉಳಿದೆಡೆ, ನಿಜವಾದ ಬೆಲೆ ಕೈಗೆ ಬಂದ ಸಾಲಿನಲ್ಲೇ ಚರಕ್ಕೆ ಹೆಸರಿಡಿ. ಕಂಪೈಲರಿನ ಎಚ್ಚರಿಕೆಗಳನ್ನು ಮೊದಲ ಪ್ರೋಗ್ರಾಮಿನಿಂದಲೇ ಓದುವ ರೂಢಿ ಮಾಡಿಕೊಳ್ಳಿ.