ಹಾರದ ವಿಮಾನಕ್ಕೆ ನಾಲ್ಕು ಲಕ್ಷ

ಒಂದು ಟಾಗಲ್ ಸ್ವಿಚ್‌ಗೆ 45 ರೂಪಾಯಿ. ಹತ್ತು ತಗೊಂಡರೆ 40ಕ್ಕೆ ಹಾಕ್ತೀನಿ ಅಂದ ಎಸ್‌.ಪಿ. ರೋಡಿನ ಅಂಗಡಿಯವ. ಹತ್ತು ತಗೊಂಡೆ. ಜೊತೆಗೆ ಎರಡು ಎನ್‌ಕೋಡರ್, ಒಂದು ಸುತ್ತು ವೈರು, ಒಂದಿಷ್ಟು ಎಲ್‌ಇಡಿ. ಒಟ್ಟು 870 ಆಯಿತು. ಫೋನಿನಲ್ಲಿ ಸ್ಕ್ಯಾನ್ ಮಾಡಿ, ಕೈಚೀಲ ಹಿಡಿದು ಚಿಕ್ಕಪೇಟೆಯಲ್ಲಿ ಮೆಟ್ರೊ ಹತ್ತಿದೆ. 870 ರೂಪಾಯಿ ಯಾವ ದೊಡ್ಡ ಲೆಕ್ಕ? ಗಂಡ ಹೆಂಡತಿ ಹೊರಗೆ ಊಟ ಮಾಡಿ ಬಂದರೂ ಅಷ್ಟಾಗುತ್ತದೆ.

ಇಂಥ ಶನಿವಾರಗಳು ನಾಲ್ಕು ವರ್ಷ ನಡೆದವು.

ನಾನು ಪೈಲಟ್ ಅಲ್ಲ, ಊರವರ ತೆರಿಗೆ ಲೆಕ್ಕ ಬರೆದು ಹೊಟ್ಟೆ ಹೊರೆಯುವವನು. ಮುರುಗೇಶಪಾಳ್ಯದ ತಾರಸಿಯ ಮೇಲೆ ನಿಂತು, ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳ ಹೊಟ್ಟೆ ನೋಡುತ್ತ ಬೆಳೆದವನು. 2008ರ ಮೇ ತಿಂಗಳಲ್ಲಿ ಪ್ರಯಾಣಿಕ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಆದರೆ ಹುಚ್ಚು ನಮ್ಮ ಮನೆಯಲ್ಲೇ ಉಳಿಯಿತು. ನಮ್ಮ ಫ್ಲ್ಯಾಟಿನ ಹತ್ತಡಿ ಹನ್ನೊಂದಡಿ ಕೋಣೆಯಲ್ಲಿ, ಕಂಪ್ಯೂಟರಿನಲ್ಲೇ ಹಾರಿಸಲು ಬೋಯಿಂಗ್ 737-800ರ ಕಾಕ್‌ಪಿಟ್ ಕಟ್ಟಲು ಹೊರಟಾಗ ಡೈರಿಯಲ್ಲಿ ಬರೆದುಕೊಂಡ ಬಜೆಟ್ ಒಂದೂವರೆ ಲಕ್ಷ.

ಕಳೆದ ದೀಪಾವಳಿಯ ಹೊತ್ತಿಗೆ ನನ್ನಾಕೆ ಕೇಳಿದಳು: "ಎಷ್ಟಾಯ್ತು ರೀ ಇಲ್ಲೀವರೆಗೆ?"

"ಎರಡರ ಹತ್ತಿರ ಇರಬಹುದು."

ಅವಳು ವಾದ ಮಾಡಲಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿಕೊಂಡು, ಹಳದಿ ಹೈಲೈಟರ್ ಹಿಡಿದು ಎರಡು ಸಂಜೆ ಕೂತಳು. ಮೂರನೆಯ ದಿನ ಕಾಫಿ ಲೋಟದ ಪಕ್ಕ ಒಂದು ಹಾಳೆ ಇತ್ತು. ಗ್ರಾಫಿಕ್ಸ್ ಕಾರ್ಡ್ ಸಮೇತ ಕಂಪ್ಯೂಟರ್ 1,35,000. ಸೆಕೆಂಡ್‌ಹ್ಯಾಂಡ್ ಮಾನಿಟರ್ ಮೂರು, 38,000. ಮರ, ಎಂಡಿಎಫ್, ಅಕ್ರಿಲಿಕ್, ಲೇಸರ್ ಕಟಿಂಗ್ 46,000. ಬೋರ್ಡು, ಸ್ವಿಚ್ಚು, ವೈರು, ಡಿಸ್‌ಪ್ಲೇ 52,400. ವಿಮಾನ ನಡೆಸುವ ಯೋಕ್, ಪೆಡಲ್, ಥ್ರಾಟಲ್ 71,000. ಸಾಫ್ಟ್‌ವೇರ್ 14,600. ಗುಜರಿಯಿಂದ ತಂದ ಕಾರಿನ ಸೀಟು, ಅದರ ರಿಪೇರಿ 6,500. ಕೊನೆಯ ಸಾಲಿಗೆ ಅವಳೇ ಹೆಸರಿಟ್ಟಿದ್ದಳು: "ಎರಡೆರಡು ಸಲ ತಂದದ್ದು, ಸುಟ್ಟದ್ದು, ಡಬ್ಬದಲ್ಲಿ ಕೂತದ್ದು: 43,000."

ಒಟ್ಟು 4,06,500.

ಕಾರು ಕೊಳ್ಳುವಾಗ ನಾವು ಆರು ತಿಂಗಳು ಯೋಚಿಸುತ್ತೇವೆ, ಮನೆಮಂದಿಯನ್ನೆಲ್ಲ ಕೂರಿಸಿ ಮಾತಾಡುತ್ತೇವೆ. ಬಿಲ್ಲು ದೊಡ್ಡದಾದ್ದರಿಂದ ಭಯವೂ ದೊಡ್ಡದು. ತುಂಡುತುಂಡಾಗಿ ಕಟ್ಟುವ ಹವ್ಯಾಸದಲ್ಲಿ ಆ ಭಯ ಹುಟ್ಟುವುದೇ ಇಲ್ಲ. ನನ್ನ ನಾಲ್ಕು ಲಕ್ಷದಲ್ಲಿ ಹತ್ತು ಸಾವಿರ ಮೀರಿದ ಬಿಲ್ಲುಗಳು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ 300, 870, 1,400. ಹನಿ ಹನಿ ಗೂಡಿದರೆ ಹಳ್ಳ ಎಂದು ಕಕ್ಷಿದಾರರಿಗೆ ಉಳಿತಾಯದ ಪಾಠ ಹೇಳುವ ನಾನು, ಹಳ್ಳ ಹರಿದು ಹೋಗುವುದೂ ಹನಿಯಾಗಿಯೇ ಎಂಬುದನ್ನು ಮರೆತಿದ್ದೆ.

ಇನ್ನು ಆ 43,000ದ ಕಥೆ. ಆಟೊಪೈಲಟ್ ಪ್ಯಾನೆಲಿನಲ್ಲಿ ವಿಮಾನದ ದಿಕ್ಕು ಕೊಡುವ ಒಂದು ಗುಂಡಿ ಇದೆ. ಅದರ ಹಿಂದೆ ಕೂರುವುದು ಎನ್‌ಕೋಡರ್. 35 ರೂಪಾಯಿಯದು ಎಂಟು ತಂದೆ. ಮಂಗಳೂರಿನ 24ನೇ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ, ಅದಕ್ಕೆ ಇಳಿಯಲು ದಿಕ್ಕು ಹೆಚ್ಚುಕಡಿಮೆ 240 ಇರಬೇಕು. ನಾನು ಒಂದು ಕಟ್ ತಿರುಗಿಸಿದರೆ ಅಂಕಿ 243ಕ್ಕೆ ಹಾರುತ್ತಿತ್ತು. ಸರಿಮಾಡಲು ಇನ್ನೊಂದು ಕಟ್ ತಿರುಗಿಸಿದರೆ 238. ತಿಂಗಳುಗಟ್ಟಲೆ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ. ತಪ್ಪಿದ್ದದ್ದು ಗುಂಡಿಯಲ್ಲಿ. ಕೊನೆಗೆ 220 ರೂಪಾಯಿಯ ಎನ್‌ಕೋಡರ್ ಹಾಕಿದ ಮೇಲೆ ವಿಮಾನ ಮಾತು ಕೇಳಿತು. ಮುಂದಿನ ಪ್ಯಾನೆಲ್‌ನ ಅಳತೆಯನ್ನು ಫೋಟೊ ನೋಡಿ ಅಂದಾಜಿಸಿದ್ದೆ, ನಾಲ್ಕು ಮಿಲಿಮೀಟರ್ ತಪ್ಪಿತ್ತು. ಕತ್ತರಿಸಿದ ಅಕ್ರಿಲಿಕ್ ಅಷ್ಟೂ ದಂಡ. ಹಣ ಉಳಿಸಲು ತಂದ ಪವರ್ ಸಪ್ಲೈ ಒಂದು ರಾತ್ರಿ ಕೈಕೊಟ್ಟು ಮೂರು ಬೋರ್ಡ್ ಸುಟ್ಟಿತು.

ಇದಕ್ಕೆ ಉಲ್ಟಾ ಕಥೆಯೂ ಇದೆ. ತಲೆಯ ಮೇಲಿನ ಓವರ್‌ಹೆಡ್ ಪ್ಯಾನೆಲಿನಲ್ಲಿ ಸ್ವಿಚ್ಚುಗಳ ಕಾಡೇ ಇದೆ. ಅವನ್ನು ಕಂಪ್ಯೂಟರಿಗೆ ಜೋಡಿಸುವ ಆರ್ಡ್ವಿನೊ ಮೆಗಾ ಬೋರ್ಡಿನಲ್ಲಿ ಡಿಜಿಟಲ್ ಪಿನ್ನುಗಳಿರುವುದು 54. ಸ್ವಿಚ್ಚಿಗೊಂದು ಪಿನ್ ಅಂತ ಹೋದರೆ ಬೋರ್ಡ್ ಮೇಲೆ ಬೋರ್ಡ್ ತರಬೇಕು. ಆದರೆ ಸ್ವಿಚ್ಚುಗಳನ್ನು ಎಂಟು ಅಡ್ಡಸಾಲು, ಎಂಟು ಉದ್ದಸಾಲಿನ ಚೌಕಕ್ಕೆ ಪೋಣಿಸಿದರೆ 16 ಪಿನ್ನುಗಳಲ್ಲಿ 64 ಸ್ವಿಚ್ ಓದಬಹುದು. ಒಂದೇ ಷರತ್ತು: ಪ್ರತಿ ಸ್ವಿಚ್ಚಿಗೂ ಒಂದು ಡಯೋಡ್ ಬೆಸುಗೆ ಹಾಕಬೇಕು. ಇಲ್ಲದಿದ್ದರೆ ಮೂರು ಸ್ವಿಚ್ ಒತ್ತಿದಾಗ ಒತ್ತದ ನಾಲ್ಕನೆಯದೂ ಒತ್ತಿದಂತೆ ತೋರುತ್ತದೆ. ಡಯೋಡಿನ ಬೆಲೆ ಒಂದು ರೂಪಾಯಿ. ಒಂದು ಭಾನುವಾರ ಕೂತು ಓದಿದ್ದಕ್ಕೆ 1,400 ರೂಪಾಯಿಯ ಎರಡು ಬೋರ್ಡ್ ಉಳಿದವು. ಹಾಗೆಯೇ ಮ್ಯಾಕ್ಸ್ 7219 ಎಂಬ ಚಿಪ್ ಎಂಟು ಅಂಕಿ ಬೆಳಗಿಸುತ್ತದೆ. ದಿಕ್ಕಿಗೆ ಮೂರು ಅಂಕಿ, ಎತ್ತರಕ್ಕೆ ಐದು, ಒಂದೇ ಚಿಪ್ಪಿನಲ್ಲಿ ಎರಡೂ ಮುಗಿಯಿತು. ಈ ಹವ್ಯಾಸದಲ್ಲಿ ಅತಿ ಅಗ್ಗದ ವಸ್ತು ತಿಳಿವಳಿಕೆ. ನಾನು ಅದನ್ನು ಕೊಂಡದ್ದು ಎಲ್ಲಕ್ಕಿಂತ ಕೊನೆಗೆ.

ಸಾಫ್ಟ್‌ವೇರ್ ಸಾಲು ಚಿಕ್ಕದಾಗಿರುವುದಕ್ಕೂ ಅದೇ ಕಾರಣ. ಎಕ್ಸ್‌-ಪ್ಲೇನ್ ಸಿಮ್ಯುಲೇಟರ್ ದುಡ್ಡು ಕೊಟ್ಟೇ ತಗೊಂಡೆ. ಅದರಲ್ಲಿ ಹಾರುವ ಝೀಬೊ 737 ಉಚಿತ. ನನ್ನ ಸ್ವಿಚ್ಚುಗಳ ಮಾತನ್ನು ಸಿಮ್ಯುಲೇಟರಿಗೆ ತಲುಪಿಸುವ ಮೊಬಿಫ್ಲೈಟ್ ಕೂಡ ಉಚಿತ. ಹಣ ಕೊಟ್ಟು ಕೊಂಡು ಬಳಸದೆ ಬಿಟ್ಟ ಎರಡು ಆಡ್‌ಆನ್‌ಗಳು 43,000ದ ಸಾಲಿನಲ್ಲಿವೆ.

ವಿದೇಶದಿಂದ ತರಿಸುವವರಿಗೆ ಒಂದು ಎಚ್ಚರಿಕೆ. ಪೆಡಲ್, ಯೋಕ್, ಥ್ರಾಟಲ್ ಮೂರೂ ಸೇರಿ ಡಾಲರ್ ಬೆಲೆಯನ್ನು ರೂಪಾಯಿಗೆ ತಿರುಗಿಸಿದಾಗ 44,000 ಕಂಡದ್ದು ಮನೆ ಬಾಗಿಲಿಗೆ ಬರುವಾಗ 71,000 ಆಗಿತ್ತು. ಸಾಗಣೆ, ಆಮದು ಸುಂಕ, ಐಜಿಎಸ್‌ಟಿ, ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ ಒಂದರ ಮೇಲೊಂದು ಕೂತವು. ನನ್ನ ಕ್ರೆಡಿಟ್ ಕಾರ್ಡ್ ವಿದೇಶಿ ಖರೀದಿಗೆ ಶೇ 3.5 ಹಿಡಿಯುತ್ತದೆ. ಆ ಶುಲ್ಕದ ಮೇಲೆ ಮತ್ತೆ ಶೇ 18 ಜಿಎಸ್‌ಟಿ. ಅಂದರೆ ನೂರಕ್ಕೆ ನಾಲ್ಕು ರೂಪಾಯಿ ಹದಿಮೂರು ಪೈಸೆ ಸುಮ್ಮನೆ ಹೋಯಿತು. ಬೆಲೆಪಟ್ಟಿಯ ಅಂಕಿಯನ್ನು 1.6ರಿಂದ ಗುಣಿಸಿ ನೋಡಿ, ಆಮೇಲೆ ಆಸೆಪಡಿ.

ಕೈಗೆ ಸಿಕ್ಕಿದ್ದರಲ್ಲೇ ಕಟ್ಟುವುದು ಈ ವಿದ್ಯೆಯ ಹುಟ್ಟುಗುಣ. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ಮೊದಲ ಹಾರಾಟ ತರಬೇತಿ ಯಂತ್ರ ಮಾಡಿದಾಗ ಅದನ್ನು ಅಲುಗಾಡಿಸಲು ಬಳಸಿದ್ದು ತನ್ನ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯ ತಿದಿಗಳನ್ನು. ಶುರುವಿನಲ್ಲಿ ಅದನ್ನು ಕೊಂಡವರು ಮನರಂಜನಾ ಪಾರ್ಕಿನವರು. ಸೇನೆ ಆರು ಯಂತ್ರ ಕೊಂಡದ್ದು 1934ರಲ್ಲಿ. ನನಗೆ ಅಪ್ಪನ ಕಾರ್ಖಾನೆ ಇರಲಿಲ್ಲ. ಆದರೂ ಬಡಗಿ ಇದ್ದ, ಪೀಣ್ಯದಲ್ಲಿ ಲೇಸರ್ ಕಟಿಂಗ್ ಅಂಗಡಿ ಇತ್ತು. ಅವರ ಕೈಯಲ್ಲಿ ಮಾಡಿಸಿದ್ದಕ್ಕೇ ಮರ-ಅಕ್ರಿಲಿಕ್ ಸಾಲು 46,000ಕ್ಕೆ ನಿಂತಿತು.

ಹಾಗಾದರೆ ಇದು ದಂಡವೇ? ಲೆಕ್ಕ ಎರಡು ಥರ ಹಾಕಿದೆ. ನಾಲ್ಕು ವರ್ಷದಲ್ಲಿ ಸೀಟಿನಲ್ಲಿ ಕೂತು ಹಾರಿಸಿದ್ದು 520 ಗಂಟೆ. ಗಂಟೆಗೆ 782 ರೂಪಾಯಿ. ಕಟ್ಟಿದ್ದು ಸುಮಾರು 900 ಗಂಟೆ. ಬೆಸುಗೆ ಹಾಕುತ್ತ, ಉಜ್ಜುತ್ತ, ಬಣ್ಣ ಬಳಿಯುತ್ತ ಕಳೆದ ಆ ರಾತ್ರಿಗಳನ್ನೂ ಸುಖದ ಲೆಕ್ಕಕ್ಕೆ ಸೇರಿಸಿದರೆ ಗಂಟೆಗೆ 286. ನಿಮಗೆ ಕಟ್ಟುವುದು ತಲೆನೋವು, ಹಾರಿಸುವುದಷ್ಟೇ ಖುಷಿ ಎಂದಾದರೆ ಮೊದಲ ಲೆಕ್ಕವೇ ನಿಮ್ಮದು, ಒಂದು ಜಾಯ್‌ಸ್ಟಿಕ್‌ನಲ್ಲೇ ನಿಲ್ಲಿಸಿ. ವಿದ್ಯುತ್ತಿನ ಚಿಂತೆ ಬೇಡ: ಗಂಟೆಗೆ ಮುಕ್ಕಾಲು ಯೂನಿಟ್.

ಒಂದು ಮಾತು ಮಾತ್ರ ಖಚಿತ, ಇದು ಹೂಡಿಕೆ ಅಲ್ಲ. ತಿಂಗಳಿಗೆ ಬಿದ್ದ ಸರಾಸರಿ 8,469 ರೂಪಾಯಿಯನ್ನು ಶೇ 6.5ರ ಆರ್‌.ಡಿ.ಗೆ ಕಟ್ಟಿದ್ದರೆ ಇವತ್ತಿಗೆ 4,60,000ದ ಆಸುಪಾಸು ಇರುತ್ತಿತ್ತು. ಕಾಕ್‌ಪಿಟ್ ಪೂರ್ತಿ ಕೊಡ್ತೀನಿ ಅಂದಾಗ ಪರಿಚಯದವರೊಬ್ಬರು ಕೇಳಿದ ಬೆಲೆ 80,000. ಅದೂ ಕಂಪ್ಯೂಟರಿನ ಮುಖ ನೋಡಿ. ಮುಂದೆ ಪೈಲಟ್ ಆಗುವ ಮಗನಿಗೆ ಉಪಯೋಗ ಎಂಬ ನೆಪವೂ ನಡೆಯದು. ವಾಣಿಜ್ಯ ಲೈಸೆನ್ಸ್‌ಗೆ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೇಳುವ 200 ಗಂಟೆಯ ಹಾರಾಟಕ್ಕೆ ನಮ್ಮ ಕೋಣೆಯ ಒಂದು ನಿಮಿಷವೂ ಸೇರುವುದಿಲ್ಲ.

ಹಾಳೆಯಲ್ಲಿ ಸೇರದ ಖರ್ಚು ಇನ್ನೊಂದಿದೆ. ಆ ಕೋಣೆ ಊರಿಂದ ಬರುವ ಅಮ್ಮನದು. ಎರಡು ವರ್ಷದಿಂದ ಅವರು ಹಾಲಿನಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದಾರೆ. ಹೋದ ಸಲ ಬಾಗಿಲಲ್ಲಿ ನಿಂತು, ಮಿಣಮಿಣ ಉರಿಯುವ ಪ್ಯಾನೆಲ್ ನೋಡಿ, "ಚೆನ್ನಾಗಿದೆ ಕಣೋ, ಎಲ್ಲಿಗೂ ಹೋಗಲ್ಲ ಅಲ್ವಾ ಇದು?" ಅಂದರು. ಬೈದಿದ್ದರೆ ಹಗುರಾಗುತ್ತಿತ್ತು.

ದೀಪಾವಳಿಯ ಆ ಹಾಳೆ ಬಂದ ಮೇಲೆ ಮನೆಯಲ್ಲಿ ಕೆಲವು ಕಟ್ಟಳೆಗಳಾಗಿವೆ. ನೀವು ಕಟ್ಟುವುದು ಕಾಕ್‌ಪಿಟ್ ಆಗಿರಲಿ, ಅಕ್ವೇರಿಯಂ ಆಗಿರಲಿ, ಹಳೆಯ ಬುಲೆಟ್ ಬೈಕಾಗಿರಲಿ, ಇವು ಹೊಂದುತ್ತವೆ. ಹವ್ಯಾಸಕ್ಕೆ ಬೇರೆ ಖಾತೆ ತೆರೆಯಿರಿ, ತಿಂಗಳಿಗೆ ಇಂತಿಷ್ಟು ಹಾಕಿ, ಅಲ್ಲಿಂದಲೇ ಕೊಡಿ. ಖಾತೆ ಬರಿದಾದರೆ ಆ ತಿಂಗಳು ಓದುವ ತಿಂಗಳು. ಒಂದು ಪ್ಯಾನೆಲ್ ಕೆಲಸ ಮಾಡುವವರೆಗೆ ಇನ್ನೊಂದರ ಸಾಮಾನು ತರಬೇಡಿ. ಎಂಟು ಬೇಕಿದ್ದರೆ ಮೊದಲು ಒಂದು ತಂದು ನೋಡಿ. ಬಜೆಟ್ಟಿನಲ್ಲಿ ನೂರಕ್ಕೆ ಹತ್ತು ಹಾಳಾಗಲಿಕ್ಕೇ ಎಂದು ಬರೆದಿಡಿ. ಇಎಂಐ ಮಾತ್ರ ಬೇಡವೇ ಬೇಡ.

ಮುಂದಿನ ತಿಂಗಳು ಅಮ್ಮ ಬರುತ್ತಾರೆ. ಇಡೀ ಚೌಕಟ್ಟನ್ನು ಗೋಡೆಗೆ ಸರಿಸಿ ಮಂಚ ಹಾಕುವಂತೆ ಅಡಿಗೆ ಚಕ್ರ ಕೂರಿಸಲು ಬಡಗಿ 2,200 ಕೇಳಿದ್ದಾನೆ. ಈ ಸಲ ದುಡ್ಡು ಕೊಡುವ ಮೊದಲೇ ಪುಸ್ತಕದಲ್ಲಿ ಬರೆದಿದ್ದೇನೆ.